ಆರು ನಿಮಿಷದ ಕುಸ್ತಿಯಲ್ಲಿ ನಮ್ಮ ಪೈಲವಾನ

2020ರ ಫೆಬ್ರವರಿ 18. ದೆಹಲಿಯ ಕೆ.ಡಿ. ಜಾಧವ್ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯನ್ ಕುಸ್ತಿ ಚಾಂಪಿಯನ್‌ಶಿಪ್. 55 ಕೆಜಿ ಗ್ರೀಕೋ-ರೋಮನ್ ವಿಭಾಗದ ಸೆಮಿಫೈನಲ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ ಇರಾನಿನ ಪೂಯಾ ನಾಸೆರ್‌ಪೂರ್ ಎದುರು 7-1ರಿಂದ ಮುಂದಿದ್ದ. ಗ್ರೀಕೋ-ರೋಮನ್‌ನಲ್ಲಿ ಎಂಟು ಅಂಕದ ಅಂತರ ಬಂತು ಅಂದ್ರೆ ಅಲ್ಲಿಗೇ ಪಂದ್ಯ ಮುಗೀತು. ಎರಡು ಅಂಕದ ಇನ್ನೊಂದೇ ಒಂದು ಪಟ್ಟು ಬಿದ್ದಿದ್ರೆ ಅರ್ಜುನ್ ಫೈನಲ್‌ನಲ್ಲಿ ಇರ್ತಿದ್ದ. ಬೀಳಲಿಲ್ಲ. ಕೊನೆಗೆ ಸ್ಕೋರು 7-8. ಇರಾನಿನವ ಫೈನಲ್‌ಗೆ ಹೋದ.

ಅದೇ ದಿನ, ಅದೇ ಕ್ರೀಡಾಂಗಣ. 87 ಕೆಜಿ ಸೆಮಿಫೈನಲ್‌ನಲ್ಲಿ ಹರಿಯಾಣದ ಸುನಿಲ್ ಕುಮಾರ್ ಕಜಕಿಸ್ತಾನದ ಅಜಮತ್ ಕುಸ್ತುಬಾಯೇವ್ ಎದುರು 1-8ರಿಂದ ಹಿಂದಿದ್ದ. ಇನ್ನೊಂದು ಅಂಕ ಹೋಗಿದ್ರೆ ಅವನ ಕಥೆ ಮುಗೀತಿತ್ತು. ಅಲ್ಲಿಂದ ಒಂದರ ಹಿಂದೆ ಒಂದು ಹನ್ನೊಂದು ಅಂಕ ಗಳಿಸಿ 12-8ಕ್ಕೆ ಗೆದ್ದ. ಫೈನಲ್ಲೂ ಗೆದ್ದ. ಗ್ರೀಕೋ-ರೋಮನ್‌ನಲ್ಲಿ ಭಾರತಕ್ಕೆ 27 ವರ್ಷಗಳ ಮೇಲೆ ಬಂದ ಏಷ್ಯನ್ ಚಿನ್ನ ಅದು.

ಮೂರು ನಿಮಿಷದ ಎರಡು ಸುತ್ತು, ನಡುವೆ ಮೂವತ್ತು ಸೆಕೆಂಡು ವಿಶ್ರಾಂತಿ. ಒಟ್ಟು ಆರು ನಿಮಿಷ. ಒಂದು ಚಹಾ ಮಾಡಿ ಕುಡಿಯೋವಷ್ಟು ಹೊತ್ತು. ಅಷ್ಟರಲ್ಲಿ ಒಬ್ಬ ಗೆದ್ದ ಪಂದ್ಯ ಸೋತ, ಇನ್ನೊಬ್ಬ ಸೋತ ಪಂದ್ಯ ಗೆದ್ದ.

ಇಂಥ ಆಟದಲ್ಲಿ ಒಬ್ಬ ಹುಡುಗ ಗೆಲ್ತಾನೋ ಇಲ್ಲವೋ ಅಂತ ಮೊದಲೇ ಹೇಳೋಕೆ ಬರುತ್ತಾ? ಈ ಪ್ರಶ್ನೆ ನನಗೆ ಸುಮ್ಮನೆ ಹುಟ್ಟಿದ್ದಲ್ಲ. ಮನೆಯಿಂದ ಬಂದದ್ದು.

* * *

ನಮ್ಮದು ಇಂಡಿ ತಾಲ್ಲೂಕು. (1997ರವರೆಗೂ ಬಾಗಲಕೋಟೆಯೂ ನಮ್ಮ ಬಿಜಾಪುರ ಜಿಲ್ಲೆಯೊಳಗೇ ಇತ್ತು. ಹಾಗಾಗಿ ಅರ್ಜುನ್ ಹಲಕುರ್ಕಿ ನಮಗೆ "ನಮ್ಮ ಹುಡುಗ"ನೇ!) ನಮ್ಮ ಕಾಕಾನ ಮಗ ಪೈಲವಾನ. ಹತ್ತೊಂಬತ್ತು ವರ್ಷ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕಿನ ಜಾತ್ರೆಗಳಲ್ಲಿ ಮೂರು ವರ್ಷದಿಂದ ಕುಸ್ತಿ ಹಿಡೀತಿದಾನೆ. ನಮ್ಮ ಕಡೆ ಕುಸ್ತಿ ಆಡೋದಕ್ಕಿಂತ "ಹಿಡಿಯೋದು" ಜಾಸ್ತಿ.

ಈಗ ಅವನಿಗೆ ಮ್ಯಾಟ್ ಮೇಲಿನ ರಾಜ್ಯಮಟ್ಟದ ಪಂದ್ಯಾವಳಿಗೆ ಹೋಗಬೇಕು ಅಂತ ಆಸೆ. ಹದಿನಾರು ಜನ ಇದ್ರೆ ನಾಲ್ಕು ಕುಸ್ತಿ ಗೆಲ್ಲಬೇಕು, ಎಲ್ಲಾ ಒಂದೇ ದಿನ. ಅಲ್ಲೊಂದು ಪದಕ ಬಂದ್ರೆ ಮುಂದೆ ರಾಷ್ಟ್ರಮಟ್ಟದ ದಾರಿ. ಸರ್ಟಿಫಿಕೇಟು ಕೈಗೆ ಬಂದ್ರೆ ಸೈನ್ಯಕ್ಕೋ, ರೈಲ್ವೆಗೋ, ಪೊಲೀಸಿಗೋ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಬಹುದು. ಜಾತ್ರೆಯಲ್ಲಿ ಗೆದ್ದ ಬೆಳ್ಳಿ ಕಡಗ ತೋರಿಸಿ ಯಾವ ಅರ್ಜಿಯೂ ಹಾಕೋಕಾಗಲ್ಲ.

ಕಾಕಾ ನನಗೆ ಫೋನ್ ಮಾಡಿ ನೇರ ಕೇಳಿದ್ರು. "ತಮ್ಮಾ, ನೀ ದಿನಾ ಕಂಪ್ಯೂಟರ್ ಮುಂದ ಕುಂತು ಲೆಕ್ಕಾ ಮಾಡಾಂವ. ಹುಡುಗ ಅಲ್ಲಿ ಗೆಲ್ತಾನೋ ಇಲ್ಲೋ ಅಷ್ಟ ಹೇಳಿಬಿಡು. ಗೆಲ್ಲಂಗಿದ್ರ ಒಂದ ವರ್ಷ ಮ್ಯಾಟ್ ಇರೂ ಕಡೆ ಇಟ್ಟು ಕಲಸ್ತೀನಿ. ಇಲ್ಲಂದ್ರ ಜಾತ್ರಿ ಕುಸ್ತಿ ಸಾಕು, ಹೊಲಾ ನೋಡ್ಕೋತಾನ."

ನಮ್ಮ ಇಂಡಿ ಕಡೆ ಲಿಂಬಿ (ನಿಂಬೆ) ಬೆಳೆ ಜೋರು. ಕಾಕಾನದೂ ಮೂರು ಎಕರೆ ಲಿಂಬಿ ತೋಟ. ಹುಡುಗನನ್ನ ಒಂದು ವರ್ಷ ಹೊರಗೆ ಇಡೋದು ಅಂದ್ರೆ ರೂಮಿನ ಬಾಡಿಗೆ, ಊಟ, ಅದರ ಮೇಲೆ ಖುರಾಕು: ಹಾಲು, ತುಪ್ಪ, ಬದಾಮಿ, ತತ್ತಿ. ಒಂದು ವರ್ಷದ ಲಿಂಬಿ ದುಡ್ಡು ಅಲ್ಲಿಗೇ ಸರಿ. ಹೊಲಕ್ಕೆ ಒಂದು ಆಳೂ ಕಡಿಮೆ. "ಗೆಲ್ತಾನ ಬಿಡ್ರಿ ಕಾಕಾ" ಅಂತ ಹೇಳಿ ಫೋನ್ ಇಡೋ ಪ್ರಶ್ನೆ ಅಲ್ಲ ಇದು.

* * *

ಜಾತ್ರೆ ಕುಸ್ತಿ ನೋಡದವರಿಗಾಗಿ ಸ್ವಲ್ಪ ಹೇಳ್ತೀನಿ. ನೋಡಿದವರು ಈ ಪ್ಯಾರಾ ಹಾರಿಸಬಹುದು :-)

ನಮ್ಮ ಜಿಲ್ಲೆಯಲ್ಲಿ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಮೂಲ ನಂದೀಶ್ವರ ಜಾತ್ರೆ. ಇವೆರಡರ ನಡುವೆ ಊರೂರಿಗೆ ಒಂದೊಂದು. ಜಾತ್ರೆ ಅಂದ್ಮೇಲೆ ಕುಸ್ತಿ ಇರಲೇಬೇಕು. ಭೀಮಾ ನದಿ ದಾಟಿದ್ರೆ ಸೊಲ್ಲಾಪುರ ಜಿಲ್ಲೆ, ಆ ಕಡೆಯ ಪೈಲವಾನರೂ ಬರ್ತಾರೆ. ಕೆಂಪು ಮಣ್ಣು ಸೋಸಿ, ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬಿ ರಸ ಹಾಕಿ ಹದ ಮಾಡಿದ ಕಣ. ಸುತ್ತ ನೆಲದ ಮೇಲೆ, ಟ್ರ್ಯಾಕ್ಟರ್ ಮೇಲೆ, ಗಿಡದ ಮೇಲೆ ಜನ. ಹಲಗಿ ಬಡಿತ. ಮೊದಲು ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿ, ಆಮೇಲೆ ನೂರು-ಇನ್ನೂರರ ಕುಸ್ತಿ, ಕೊನೆಗೆ ಬೆಳ್ಳಿ ಕಡಗದ ದೊಡ್ಡ ಕುಸ್ತಿ.

ಇಲ್ಲಿ ನಾಕ್‌ಔಟ್ ಇಲ್ಲ, ಚೀಟಿ ಎತ್ತೋದೂ ಇಲ್ಲ. ಹಿರಿಯರು ನಿಂತು ಜೋಡಿ ಹಚ್ತಾರೆ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಎತ್ತರ, ಭುಜ, ಕುತ್ತಿಗೆ ನೋಡಿ, "ಹೂಂ, ಸರಿಯಾತು" ಅಂದ್ರೆ ಜೋಡಿ. ಮನಸ್ಸಿಲ್ಲದಿದ್ರೆ "ಒಲ್ಲೆ" ಅನ್ನಬಹುದು. ದಿನಕ್ಕೆ ಒಂದೇ ಕುಸ್ತಿ. ಇದು ಜಂಗಿ ನಿಕಾಲಿ ಕುಸ್ತಿ. ನಿಕಾಲಿ ಅಂದ್ರೆ ಫೈಸಲಾ ಆಗಲೇಬೇಕು, ಬೆನ್ನು ಮಣ್ಣಿಗೆ ಹತ್ತಬೇಕು. ಪಾಯಿಂಟು ಗೀಯಿಂಟು ಏನೂ ಇಲ್ಲ. ಬೆನ್ನು ಹತ್ತಲಿಲ್ಲ, ಹೊತ್ತು ಮುಗೀತು ಅಂದ್ರೆ ಸಮ. ಇನಾಮು ಇಬ್ಬರಿಗೂ ಹಂಚಿ ಕಳಿಸ್ತಾರೆ.

ಮೊದಲ ನಾಲ್ಕೈದು ನಿಮಿಷ ಬರೀ ಕೈ ಹಿಡಿದು, ಕುತ್ತಿಗೆ ಒತ್ತಿ, ಎದುರಿನವನ ತಾಕತ್ತು ಅಳೆಯೋದರಲ್ಲೇ ಹೋಗುತ್ತೆ. ಅಲ್ಲಿ ಅವಸರ ಮಾಡಿದವನೇ ಕೆಡೋದು. ನಮ್ಮ ಪೈಲವಾನನ ಹೆಸರು ಆಗಿರೋದೂ ಹಾಗೇ. ಅವನು ಬೋರಲು ಮಲಗಿದ ಅಂದ್ರೆ ಅವನನ್ನ ಮಗುಚೋದು ಬಾವಿಯ ಕಲ್ಲು ಮಗುಚಿದ ಹಾಗೆ. ಎದುರಿನವ ಒದ್ದಾಡಿ ಒದ್ದಾಡಿ ಸುಸ್ತಾಗ್ತಾನೆ. ಹದಿನೈದನೇ ನಿಮಿಷಕ್ಕೆ ನಮ್ಮವ ಎದ್ದು ನಿಂತು ಕೆಲಸ ಮುಗಿಸ್ತಾನೆ.

ಈ ವಿದ್ಯೆ ಹೊಸದೇನಲ್ಲ. 1910ರಲ್ಲಿ ಲಂಡನ್‌ನಲ್ಲಿ ಗಾಮಾ ಪೈಲವಾನ ಮತ್ತು ಪೋಲೆಂಡಿನ ಜ್ಬಿಸ್ಕೊ ನಡುವಿನ ಕುಸ್ತಿ ಎರಡೂವರೆ ಗಂಟೆಗೂ ಮೀರಿ ನಡೆದು ಸಮ ಆಗಿತ್ತು. ಜ್ಬಿಸ್ಕೊ ಬಹುಪಾಲು ಹೊತ್ತು ನೆಲ ಕಚ್ಚಿಕೊಂಡೇ ಇದ್ದ. ಗಾಮಾನಂಥ ಗಾಮಾನಿಗೂ ಅವನನ್ನ ಮಗುಚೋಕೆ ಆಗಲಿಲ್ಲ. (1928ರಲ್ಲಿ ಪಟಿಯಾಲಾದಲ್ಲಿ ಅದೇ ಜೋಡಿ ಮತ್ತೆ ಹಿಡಿದಾಗ ಗಾಮಾ ಒಂದು ನಿಮಿಷದೊಳಗೆ ಕೆಡವಿದ. ಆ ಮಾತು ಬೇರೆ.)

* * *

ಈಗ ಮ್ಯಾಟಿಗೆ ಬನ್ನಿ. ಹನ್ನೆರಡು ಮೀಟರ್ ಚೌಕದ ಮೆತ್ತನೆ ಹಾಸು, ಅದರೊಳಗೆ ಒಂಬತ್ತು ಮೀಟರ್ ಅಗಲದ ವೃತ್ತ. ಕಾಲಿಗೆ ಶೂ. ಮಣ್ಣಿನಲ್ಲಿ ಕಾಲು ಹೂತು ವೇಗ ಕಡಿಮೆ ಆಗುತ್ತೆ. ಮ್ಯಾಟ್ ಮೇಲೆ ಕಾಲಿಗೆ ಕೈ ಹಾಕಿದ್ದು ಕಾಣೋದರೊಳಗೆ ನೀವು ನೆಲದ ಮೇಲಿರ್ತೀರಿ. ಹಿಡಿದು ಕೆಳಗೆ ಹಾಕಿ ಹತೋಟಿಗೆ ತಗೊಂಡ್ರೆ ಎರಡು ಅಂಕ. ಹೊಟ್ಟೆ ಬಳಸಿ ಒಮ್ಮೆ ಉರುಳಿಸಿದ್ರೆ ಮತ್ತೆರಡು. ವೃತ್ತದಿಂದ ಹೊರಗೆ ಕಾಲಿಟ್ರೆ ಎದುರಿನವನಿಗೆ ಒಂದು. ಸುಮ್ಮನೆ ತಡೆದು ನಿಂತ್ರೆ ರೆಫರಿ ಎಚ್ಚರಿಸ್ತಾನೆ, ಆಮೇಲೆ ಮೂವತ್ತು ಸೆಕೆಂಡಿನಲ್ಲಿ ಅಂಕ ತೆಗೀಬೇಕು, ಇಲ್ಲಾಂದ್ರೆ ಅದಕ್ಕೂ ಎದುರಿನವನಿಗೆ ಒಂದು. ನಮ್ಮ ಹುಡುಗ ಹಿಡಿಯೋ ಫ್ರೀಸ್ಟೈಲ್‌ನಲ್ಲಿ ಹತ್ತು ಅಂಕದ ಅಂತರ ಆದ್ರೆ ಪಂದ್ಯ ಬಂದ್.

ನೋಡಿ, ಜಾತ್ರೆಯಲ್ಲಿ ಯಾವುದು ಬಂಡವಾಳವೋ ಮ್ಯಾಟ್ ಮೇಲೆ ಅದೇ ಸಾಲ. ಬೋರಲು ಮಲಗೋದು ಅಂದ್ರೆ ಕೇಳಿ ಎರಡು ಅಂಕ ಕೊಟ್ಟ ಹಾಗೆ. ನಾಲ್ಕೈದು ನಿಮಿಷ ತಾಕತ್ತು ಅಳೆಯೋದು ಅಂದ್ರೆ ಪಂದ್ಯವನ್ನೇ ಬಿಟ್ಟುಕೊಟ್ಟ ಹಾಗೆ.

ಹೋದ ವರ್ಷ ಒಂದು ಆಯ್ಕೆ ಪಂದ್ಯದಲ್ಲಿ ಹೀಗೇ ಆಯ್ತು. ನಮ್ಮ ಪೈಲವಾನ ಎರಡು ನಿಮಿಷದೊಳಗೆ 0-10ಕ್ಕೆ ಸೋತು ಬಂದ. ಎದುರಿಗಿದ್ದವನು ಅವನಿಗಿಂತ ತೆಳ್ಳಗಿನ ಹುಡುಗ, ಜಾತ್ರೆಯಲ್ಲಾದ್ರೆ ಹಿರಿಯರು ಜೋಡಿಯನ್ನೇ ಹಚ್ತಿರಲಿಲ್ಲ. ಮನೆಗೆ ಬಂದು ಎರಡು ದಿನ ಒಂದೇ ಮಾತು: "ನನ್ನ ಎರಡೂ ಭುಜ ಕೂಡಿ ನೆಲಕ್ಕ ಹತ್ತಿಲ್ಲಣ್ಣಾ. ನಾ ಸೋತೇನಿ ಅಂತ ಹೆಂಗ ಅಂತಾರ?" ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಅವನು ನಿಕಾಲಿ ಕುಸ್ತಿಯಲ್ಲಿ ಸೋತಿರಲಿಲ್ಲ. ಅಲ್ಲಿ ನಡೆದದ್ದು ನಿಕಾಲಿ ಕುಸ್ತಿ ಅಲ್ಲ, ಅಷ್ಟೇ.

* * *

ಗಿಡ್ಡ ಪಂದ್ಯ, ಒಂದೇ ದಿನದ ನಾಕ್‌ಔಟ್ ಅಂದಾಗ ನನಗೆ ನೆನಪಾಗೋದು ಇಂಗ್ಲೆಂಡಿನ ಪ್ರೈಜ್‌ಫೈಟರ್ ಬಾಕ್ಸಿಂಗ್. ಬ್ಯಾರಿ ಹರ್ನ್ ಅನ್ನೋ ಪ್ರವರ್ತಕ 2008ರಲ್ಲಿ ಶುರು ಮಾಡಿದ್ದು. ಒಂದೇ ರಾತ್ರಿ ಎಂಟು ಬಾಕ್ಸರುಗಳು, ಪ್ರತಿ ಪಂದ್ಯ ಮೂರು ನಿಮಿಷದ ಮೂರೇ ಸುತ್ತು, ಮೂರು ಗೆದ್ದವನು ಚಾಂಪಿಯನ್. ದೊಡ್ಡ ಬಾಕ್ಸಿಂಗ್ ಪಂದ್ಯಗಳು ಹತ್ತು-ಹನ್ನೆರಡು ಸುತ್ತು ನಡೆಯೋವಾಗ ಇದು ಬಾಕ್ಸಿಂಗಿನ ಟ್ವೆಂಟಿ-20.

ಮೊದಲ ಪ್ರೈಜ್‌ಫೈಟರ್ ಗೆದ್ದವನು ಯಾರು ಗೊತ್ತಾ? ಐರ್ಲೆಂಡಿನ ಬೆಲ್‌ಫಾಸ್ಟ್‌ನ ಮಾರ್ಟಿನ್ ರೋಗನ್. ಟ್ಯಾಕ್ಸಿ ಡ್ರೈವರ್. ಆಗ ಅವನಿಗೆ 36 ವರ್ಷ, ವೃತ್ತಿಪರ ಬಾಕ್ಸಿಂಗಿಗೆ ಬಂದು ನಾಲ್ಕೇ ವರ್ಷ ಆಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು 2000ದ ಸಿಡ್ನಿ ಒಲಿಂಪಿಕ್ಸ್ ಚಿನ್ನದ ಆಡ್ಲಿ ಹ್ಯಾರಿಸನ್‌ನನ್ನೂ ಸೋಲಿಸಿದ. ಅದು ಹತ್ತು ಸುತ್ತಿನ ಪಂದ್ಯ. ಅಂದ್ರೆ ಗಿಡ್ಡ ಪಂದ್ಯ ಅವನಿಗೆ ಬಾಗಿಲು ತೆಗೀತು, ಒಳಗೆ ನಿಲ್ಲೋ ತಾಕತ್ತು ಅವನದೇ ಇತ್ತು.

ಇನ್ನೊಬ್ಬ ಐರಿಷ್ ಬಾಕ್ಸರ್, ಲಿಮರಿಕ್‌ನ ವಿಲ್ಲಿ ಕೇಸಿ. 2010ರಲ್ಲಿ ಕೊನೇ ಗಳಿಗೆಯಲ್ಲಿ ಬದಲಿ ಆಟಗಾರನಾಗಿ ಬಂದು ಸೂಪರ್ ಬ್ಯಾಂಟಮ್‌ವೇಟ್ ಪ್ರೈಜ್‌ಫೈಟರ್ ಗೆದ್ದ. 2011ರ ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿ ಕ್ಯೂಬಾದ ರಿಗೋಂಡೊ ಎದುರು ನಿಂತಾಗ ಮೊದಲ ಸುತ್ತಿನಲ್ಲೇ ಮುಗೀತು. ರಿಗೋಂಡೊ ಎರಡು ಒಲಿಂಪಿಕ್ ಚಿನ್ನ ಗೆದ್ದವನು, ಅವನ ಮುಂದೆ ಬದಲಿ ಆಟಗಾರನ ಅದೃಷ್ಟ ನಡೀಲಿಲ್ಲ.

ಇಬ್ಬರಿಂದಲೂ ನಾನು ತಿಳ್ಕೊಂಡದ್ದು: ಗಿಡ್ಡ ಪಂದ್ಯದಲ್ಲಿ ಯಾರೂ ನಿರೀಕ್ಷಿಸದವನು ಗೆಲ್ಲೋ ಅವಕಾಶ ಜಾಸ್ತಿ. ಇದಕ್ಕೆ ಲೆಕ್ಕವೂ ಇದೆ. ಹತ್ತರಲ್ಲಿ ಆರು ಸಲ ಎದುರಿನವನನ್ನ ಸೋಲಿಸೋ ತಾಕತ್ತಿದ್ದವನು ಒಂದೇ ಪಟ್ಟಿನ ಪಂದ್ಯ ಆಡಿದ್ರೆ ಗೆಲ್ಲೋದು ನೂರಕ್ಕೆ 60. ಮೂರರಲ್ಲಿ ಎರಡು ಅಂತಿಟ್ರೆ 65. ಏಳರಲ್ಲಿ ನಾಲ್ಕು ಅಂತಿಟ್ರೆ 71. ಪಂದ್ಯ ಉದ್ದ ಆದಷ್ಟೂ ಬಲವಂತನಿಗೆ ಲಾಭ, ಗಿಡ್ಡ ಆದಷ್ಟೂ ಎದುರಿನವನಿಗೆ. ನಮ್ಮ ಪೈಲವಾನ ಜಾತ್ರೆಯಲ್ಲಿ ಬಲವಂತ. ಮ್ಯಾಟ್ ಮೇಲೆ ಸದ್ಯಕ್ಕೆ ಅವನೇ ಎದುರಿನವ. ಹಾಗಾಗಿ ಆರು ನಿಮಿಷ ಅನ್ನೋದು ಅವನಿಗೆ ಪೂರ್ತಿ ಶತ್ರುವೂ ಅಲ್ಲ.

* * *

ಈಗ ಕಾಕಾನ ಪ್ರಶ್ನೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ, ಗುಣಾಕಾರ ಬಂದ್ರೆ ಸಾಕು.

ಹದಿನಾರು ಜನರ ನಾಕ್‌ಔಟ್, ಚಿನ್ನಕ್ಕೆ ನಾಲ್ಕು ಕುಸ್ತಿ. ಮ್ಯಾಟ್ ಮೇಲೆ ಒಂದೊಂದು ಕುಸ್ತಿ ಗೆಲ್ಲೋ ಸಾಧ್ಯತೆ ಅವನಿಗೆ ಸದ್ಯ ಅರ್ಧಕ್ಕರ್ಧ ಅಂತ ಉದಾರವಾಗೇ ಇಟ್ಕೊಳ್ಳಿ. ಅರ್ಧದ ಅರ್ಧದ ಅರ್ಧದ ಅರ್ಧ: ನೂರಕ್ಕೆ 6. ಚಿನ್ನ ಬೇಡ, ಯಾವುದೋ ಒಂದು ಪದಕ ಸಾಕು ಅಂದ್ರೆ? ಮೊದಲ ಎರಡು ಗೆದ್ದು ಸೆಮಿಫೈನಲ್ ತಲುಪಬೇಕು. ಅಲ್ಲಿ ಗೆದ್ದ್ರೆ ಬೆಳ್ಳಿಯಂತೂ ಗ್ಯಾರಂಟಿ, ಸೋತ್ರೂ ಕಂಚಿನ ಪಂದ್ಯ ಒಂದಿರುತ್ತೆ. ಕೂಡಿ ಕಳೆದ್ರೆ ನೂರಕ್ಕೆ 19. (ಮೊದಲೇ ಸೋತವನಿಗೂ, ಅವನನ್ನ ಸೋಲಿಸಿದವನು ಫೈನಲ್ ತಲುಪಿದ್ರೆ, ಕಂಚಿಗೆ ಮತ್ತೊಂದು ಅವಕಾಶ ಉಂಟು. ಅದನ್ನ ನಾನು ಲೆಕ್ಕಕ್ಕೆ ಹಿಡಿದಿಲ್ಲ.)

ಈಗ ಒಂದು ವರ್ಷ ಮ್ಯಾಟ್ ಮೇಲೆ ಕಲಿತು ಆ ಅರ್ಧ ಅನ್ನೋದು ನೂರಕ್ಕೆ 60 ಆಯ್ತು ಅನ್ಕೊಳ್ಳಿ. ಒಂದು ಕುಸ್ತಿಗೆ ಬರೀ ಹತ್ತರ ಫರಕು. ಆದ್ರೆ ಚಿನ್ನದ ಸಾಧ್ಯತೆ 6ರಿಂದ 13ಕ್ಕೆ ಏರುತ್ತೆ, ಎರಡು ಪಟ್ಟು! ಪದಕದ್ದು 19ರಿಂದ 30ಕ್ಕೆ. ಅದೇ 70 ಆದ್ರೆ ಚಿನ್ನ 24, ಪದಕ 45.

ನಾಕ್‌ಔಟ್‌ನ ಗುಟ್ಟು ಇಷ್ಟೇ ಅನ್ಸುತ್ತೆ ನನಗೆ. ಜನ ಇದನ್ನ ಅದೃಷ್ಟದ ಆಟ ಅಂತಾರೆ. ಒಂದು ಪಂದ್ಯಕ್ಕೆ ಆ ಮಾತು ನಿಜ. ಆದ್ರೆ ನಾಲ್ಕು ಪಂದ್ಯಗಳನ್ನ ಒಂದಕ್ಕೊಂದು ಗುಣಿಸೋದರಿಂದ ಸಣ್ಣ ಕೊರತೆಯೂ ನಾಲ್ಕು ಸಲ ಗುಣಿಸುತ್ತೆ, ಸಣ್ಣ ಸುಧಾರಣೆಯೂ ನಾಲ್ಕು ಸಲ ಗುಣಿಸುತ್ತೆ. ಜಾತ್ರೆಯಲ್ಲಿ ಹತ್ತರಷ್ಟು ಸುಧಾರಿಸಿದ್ರೆ ಹತ್ತರಷ್ಟೇ ಲಾಭ.

ಕಾಕಾನಿಗೆ ಇದನ್ನ ಹೇಳಿದೆ. ಗುಣಾಕಾರ ಬಿಟ್ಟು ಬರೀ ಕೊನೆಯ ಅಂಕಿ ಹೇಳಿದೆ. ಒಂದು ವರ್ಷ ಕಲಿಸಿದ್ರೆ ನೂರಕ್ಕೆ ಮೂವತ್ತು, ಪದಕಕ್ಕೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ನಕ್ಕು ಅಂದ್ರು: "ಮೂವತ್ತ? ಲಿಂಬಿ ತ್ವಾಟದ್ದೂ ಅಷ್ಟ ಐತಲ್ಲೋ ತಮ್ಮಾ. ಮಳಿ ಬರಬೇಕು, ಕಾಯಿ ನಿಲ್ಲಬೇಕು, ರೇಟ್ ಸಿಗಬೇಕು. ಮೂರೂ ಕೂಡಿ ಬಂದದ್ದ ಎಷ್ಟ ವರ್ಷ? ಹಂಗಂತ ಗಿಡಾ ಕಡದೇವೇನು?"

ಅವರಿಗೆ ಗುಣಾಕಾರ ನನಗಿಂತ ಚೆನ್ನಾಗಿ ಗೊತ್ತಿತ್ತು! ಆ ತಿಂಗಳೇ ಹುಡುಗನನ್ನ ಮ್ಯಾಟ್ ಇರೋ ಒಂದು ಗರಡಿಗೆ ಕಳಿಸಿದ್ರು.

* * *

ಆದ್ರೆ ನನ್ನ ಲೆಕ್ಕದಲ್ಲಿ ಒಂದು ವಿಷಯ ಸೇರಿಲ್ಲ. ದಣಿವು. ನಾಲ್ಕನೇ ಕುಸ್ತಿ ಹಿಡಿಯೋನು ಬೆಳಿಗ್ಗೆ ಮೊದಲನೇದು ಹಿಡಿದವನಲ್ಲ. 70, 65, 60, 50 ಅಂತ ಇಳೀತಾ ಹೋದ್ರೆ ಚಿನ್ನದ ಸಾಧ್ಯತೆ 24 ಅಲ್ಲ, 14. ಜಾತ್ರೆ ಪೈಲವಾನನಿಗೆ ದಮ್ಮು ಇಲ್ಲ ಅಂತಲ್ಲ, ಇಪ್ಪತ್ತು ನಿಮಿಷ ಹಿಡೀತಾನೆ. ಆದ್ರೆ ಆರು ನಿಮಿಷ ಪೂರಾ ವೇಗದಲ್ಲಿ ಹಿಡಿದು, ಬೆವರು ಆರೋದರೊಳಗೆ ಮತ್ತೆ ಎದ್ದು ಆರು ನಿಮಿಷ ಹಿಡಿಯೋದು ಬೇರೆಯದೇ ದಮ್ಮು.

ಇದರ ಪೆಟ್ಟು ತಿಂದವರಲ್ಲಿ ದೊಡ್ಡ ಹೆಸರು ಖಾಶಾಬಾ ಜಾಧವ್. ಆ ದೆಹಲಿ ಕ್ರೀಡಾಂಗಣಕ್ಕೆ ಹೆಸರು ಕೊಟ್ಟವರು. ಕರಾಡದ ಹತ್ತಿರದ ಗೋಳೇಶ್ವರದವರು, ಕೊಲ್ಹಾಪುರದ ಮಣ್ಣಿನಲ್ಲಿ ಕಲಿತವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿನ ಕುಸ್ತಿಯೂ ಅದರ ನಿಯಮಗಳೂ ಅವರಿಗೆ ಹೊಸದು. ಆದ್ರೂ ಆರನೇ ಸ್ಥಾನ. 1952ರಲ್ಲಿ ಹೆಲ್ಸಿಂಕಿಗೆ ಹೋಗೋಕೆ ದುಡ್ಡಿರಲಿಲ್ಲ. ಅವರು ಓದಿದ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಹೊಂದಿಸಿ ಕೊಟ್ರು. (ನಮ್ಮ ಕಾಕಾನ ಲಿಂಬಿ ದುಡ್ಡಿಗೆ ಹಿರಿಯ ಅಣ್ಣ ಇದ್ದಾನೆ ನೋಡಿ.) ಹೆಲ್ಸಿಂಕಿಯಲ್ಲಿ ಜಪಾನಿನ ಇಶೀ ಜೊತೆ ದೀರ್ಘ ಕುಸ್ತಿ ಹಿಡಿದು ಸೋತ ಸ್ವಲ್ಪ ಹೊತ್ತಿಗೇ ಅವರನ್ನ ಸೋವಿಯತ್ ಒಕ್ಕೂಟದ ಮಮ್ಮದ್‌ಬೆಯೋವ್ ಎದುರು ಕರೆದ್ರು. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕು ಅನ್ನೋ ನಿಯಮ ಇತ್ತು. ಅದನ್ನ ಕೇಳೋಕೆ ಅಲ್ಲಿ ಭಾರತದ ಅಧಿಕಾರಿ ಒಬ್ಬರೂ ಇರಲಿಲ್ಲ. ದಣಿದ ಮೈಯಲ್ಲೇ ಹಿಡಿದು ಸೋತ್ರು. ಇಶೀಗೆ ಚಿನ್ನ, ಮಮ್ಮದ್‌ಬೆಯೋವ್‌ಗೆ ಬೆಳ್ಳಿ, ಜಾಧವ್‌ಗೆ ಕಂಚು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದೇ. ಆ ಅರ್ಧ ಗಂಟೆ ಸಿಕ್ಕಿದ್ರೆ ಏನಾಗ್ತಿತ್ತೋ.

ಇನ್ನು ಅರ್ಜುನ್ ಹಲಕುರ್ಕಿಯ ದಿನ ಆ ಸೆಮಿಫೈನಲ್‌ಗೆ ಮುಗೀಲಿಲ್ಲ. 7-1ರಿಂದ 7-8ಕ್ಕೆ ಸೋತವನು ಅದೇ ದಿನ ಕಂಚಿಗಾಗಿ ಮತ್ತೆ ಮ್ಯಾಟ್ ಹತ್ತಬೇಕಿತ್ತು. ಫೈನಲ್ ಕೈಯಿಂದ ಜಾರಿದ್ದು ತಲೆಯಲ್ಲಿ ಕುದೀತಿರುವಾಗ ದಕ್ಷಿಣ ಕೊರಿಯಾದ ವೊನ್ ಡಾಂಗ್‌ಹ್ಯೋಕ್ ಎದುರು ನಿಂತ. 7-4ಕ್ಕೆ ಗೆದ್ದ. ಕಂಚು. ಆ ವರ್ಷ ಚೀನಾದ ತಂಡ ಬಂದಿರಲಿಲ್ಲ, 55 ಕೆಜಿ ಗ್ರೀಕೋ-ರೋಮನ್ ಒಲಿಂಪಿಕ್ಸ್‌ನಲ್ಲಿ ಇಲ್ಲವೇ ಇಲ್ಲ (ಅಲ್ಲಿ 60ರಿಂದ ಶುರು). ಏನೇ ಇರಲಿ, ನನ್ನ ಮಟ್ಟಿಗೆ ಆ ದಿನದ ದೊಡ್ಡ ಕುಸ್ತಿ ಆ ಕಂಚಿನದೇ. ಜಾತ್ರೆಯಲ್ಲಿ ಸೋತವನು ಟವೆಲ್ ಹೊದ್ದು ಮನೆಗೆ ಹೋಗ್ತಾನೆ, ಮುಂದಿನ ಜಾತ್ರೆಗೆ ವಾರವೋ ತಿಂಗಳೋ ಇರುತ್ತೆ. ಇಲ್ಲಿ ಅಳೋಕೂ ಟೈಮ್ ಇಲ್ಲ.

* * *

ನಮ್ಮೂರ ಉಸ್ತಾದರಿಗೆ ಇದೆಲ್ಲ ಹಿಡಿಸಲ್ಲ. ಹುಡುಗನಿಗೆ ಒಂಬತ್ತು ವರ್ಷದಿಂದ ದಂಡ, ಬೈಠಕ್ ಹೊಡೆಸಿದವರು ಅವರು. "ಮ್ಯಾಟಿನ ಕುಸ್ತಿ ಅಂದ್ರ ಮುಟ್ಟಾಟ. ಮಣ್ಣು ಬಿಟ್ಟಾಂವ ಪೈಲವಾನ ಅಲ್ಲ" ಅಂತಾರೆ. ನನಗೆ ಅವರ ಮಾತು ಪೂರ್ತಿ ತಳ್ಳಿಹಾಕೋಕೆ ಆಗಲ್ಲ. ಆ ಹಿಡಿತ, ಆ ಕುತ್ತಿಗೆ, ಮಗುಚಲಾಗದ ಆ ಬೆನ್ನು ಮಣ್ಣೇ ಕೊಟ್ಟದ್ದು. ಜಾಧವರಿಗೂ ಮಣ್ಣೇ ಕೊಟ್ಟಿತ್ತು. ಭಾರತದ ಮೊದಲ ಹಿಂದ್ ಕೇಸರಿ, 1959ರಲ್ಲಿ ಗೆದ್ದ ಶ್ರೀಪತಿ ಖಂಚನಾಳೆ, ನಮ್ಮದೇ ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ ಹುಟ್ಟಿದವರು, ಅವರೂ ಮಣ್ಣಿನವರೇ.

ದುಡ್ಡಿನ ಮಾತೂ ಉಸ್ತಾದರ ಕಡೆಗೇ ಇದೆ. ಜಾತ್ರೆಯಲ್ಲಿ ಸಮ ಆದ್ರೂ ಕೈಗೆ ಏನಾದ್ರೂ ಹತ್ತುತ್ತೆ. ಒಂದು ಸೀಜನ್ ಚೆನ್ನಾಗಿ ಹಿಡಿದ್ರೆ ಖುರಾಕಿನ ಖರ್ಚು ಕುಸ್ತಿಯೇ ತೀರಿಸುತ್ತೆ. ಮ್ಯಾಟ್ ಮೇಲೆ ಮೊದಲ ಸುತ್ತಿನಲ್ಲಿ ಸೋತವನಿಗೆ ಬಸ್ ಚಾರ್ಜೂ ಸ್ವಂತದ್ದು. ಈ ವರ್ಷ ಹುಡುಗ ಜಾತ್ರೆ ಬಿಟ್ಟಿದಾನೆ, ಅಂದ್ರೆ ಬರೋ ದುಡ್ಡೂ ನಿಂತಿದೆ. ನೂರಕ್ಕೆ ಎಪ್ಪತ್ತು ಸಲ ಇದೆಲ್ಲ ಖಾಲಿ ಕೈಯಲ್ಲಿ ಮುಗಿಯೋ ಸಾಧ್ಯತೆಯೇ ಜಾಸ್ತಿ ಅನ್ನೋದು ನನಗೂ ಗೊತ್ತು, ಕಾಕಾನಿಗೂ ಗೊತ್ತು. ಹುಡುಗನಿಗೆ ಹೇಳಿಲ್ಲ. ಅವನಿಗೆ ಅದು ಬೇಕಾಗೂ ಇಲ್ಲ.

ನನ್ನನ್ನ ಕಾಡೋ ವಿಷಯ ಬೇರೆ. ಮಣ್ಣೋ ಮ್ಯಾಟೋ ಅಂತ ಹುಡುಗ ಒಂದನ್ನೇ ಆರಿಸಬೇಕಾಗಿ ಯಾಕೆ ಬಂತು? ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನಾನು ನೋಡಿದ ಗರಡಿಗಳಲ್ಲೆಲ್ಲ ಒಳ್ಳೇ ಮಣ್ಣಿದೆ, ಹನುಮಪ್ಪನ ಫೋಟೋ ಇದೆ, ಕಲ್ಲಿನ ಗುಂಡುಗಳಿವೆ, ಮ್ಯಾಟ್ ಇಲ್ಲ. ಊರಿಗೆ ಒಂದು ಬೇಡ, ತಾಲ್ಲೂಕಿಗೆ ಒಂದಿದ್ರೂ ಸಾಕಿತ್ತು. ಸಂಜೆ ಮಣ್ಣಿನಲ್ಲಿ ಹಿಡಿದು ವಾರಕ್ಕೆ ಎರಡು ದಿನ ಮ್ಯಾಟ್ ಮೇಲೆ ಬೀಳೋದು ಕಲಿತಿದ್ರೆ ಆ 0-10 ಆಗ್ತಿರಲಿಲ್ಲ. ಒಂದು ವರ್ಷದ ಲಿಂಬಿ ದುಡ್ಡೂ ಉಳೀತಿತ್ತು. ತೋಟ ಇಲ್ಲದ ಮನೆಯ ಹುಡುಗರು ಏನು ಮಾಡ್ತಾರೆ ಅನ್ನೋ ಲೆಕ್ಕ ಮಾತ್ರ ನನ್ನಿಂದ ಆಗಲ್ಲ. ನಿಮ್ಮ ಊರ ಕಡೆ ಹೇಗಿದೆ? ಗರಡಿಗೆ ಮ್ಯಾಟ್ ಬಂದಿದೆಯಾ? ಬಂದಿದ್ರೆ ಯಾರು ಹಾಕಿಸಿದ್ರು, ಹೇಗೆ ಹಾಕಿಸಿದ್ರು ಅಂತ ತಿಳಿದವರು ಬರೀರಿ.

ನಮ್ಮ ಪೈಲವಾನನ ಬಗ್ಗೆ ನನ್ನ ಅಂದಾಜು ಇಲ್ಲಿ ಬರೆದಿಡ್ತೀನಿ, ಆಮೇಲೆ ಮಾತು ಬದಲಿಸಬಾರದು ಅಂತ. ಮೊದಲ ಕುಸ್ತಿ ಗೆಲ್ತಾನೆ. ಎರಡನೇದು ಎರಡನೇ ಸುತ್ತಿನ ಕೊನೇ ನಿಮಿಷದವರೆಗೂ ಹೋಗುತ್ತೆ, ಅಲ್ಲಿ ಮಣ್ಣಿನ ತಾಕತ್ತು ಕೆಲಸಕ್ಕೆ ಬರುತ್ತೆ. ಸೆಮಿಫೈನಲ್‌ನಲ್ಲಿ ಅವನಿಗಿಂತ ಚುರುಕಿನ ಒಬ್ಬ ಹುಡುಗ ಸಿಗ್ತಾನೆ, ಸೋಲ್ತಾನೆ. ಪದಕ ಇರೋದು ಅದರ ನಂತರದ ಒಂದು ಗಂಟೆಯಲ್ಲಿ. ಮೂಲೆಯಲ್ಲಿ ಕೂತು ನೀರು ಕುಡಿದು, "ನನ್ನ ಭುಜ ನೆಲಕ್ಕ ಹತ್ತಿಲ್ಲ" ಅನ್ನೋ ವಾದ ಬಿಟ್ಟು, ಕಂಚಿನ ಕುಸ್ತಿಗೆ ಎದ್ದು ನಿಂತ್ರೆ ಗೆಲ್ತಾನೆ. ಇಡೀ ವರ್ಷದಲ್ಲಿ ಅವನು ಇದೊಂದನ್ನ ಕಲಿತು ಬಂದ್ರೂ ಸಾಕು, ಕಾಕಾನ ದುಡ್ಡು ವಸೂಲು.